ಹೊಳೆಯುವ ಕೊಳವೆ, ಸೋರುವ ಸಂದು

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಕಾರಿನ ಬಾನೆಟ್ಟಿನ ಕೆಳಗೂ ಒಮ್ಮೆ ನೆನೆಯಬೇಕಾಗಿದೆ. ಕಾರ್ಖಾನೆಯಿಂದ ಬಂದ ಕಪ್ಪು ರಬ್ಬರಿನ ಪೆಟ್ರೋಲ್ ಕೊಳವೆಯನ್ನು ಕಿತ್ತು, ಆ ಜಾಗದಲ್ಲಿ ಉಕ್ಕಿನ ಎಳೆಗಳನ್ನು ಜಡೆಯಂತೆ ಹೆಣೆದ ಬೆಳ್ಳಿಬಣ್ಣದ ಕೊಳವೆಯನ್ನೂ, ಅದರ ತುದಿಗಳಿಗೆ ಕೆಂಪು ನೀಲಿ ಬಣ್ಣದ ಅಲ್ಯೂಮಿನಿಯಂ ಫಿಟ್ಟಿಂಗುಗಳನ್ನೂ ಕೂರಿಸುವ ರೂಢಿ ಪುಣೆಯ ಗ್ಯಾರೇಜುಗಳಲ್ಲಿ ಈಗ ಅಪರೂಪವಲ್ಲ. ನೋಡಿದವರಿಗೆ ಅದು ವಿಮಾನದ ಅಂಗದಂತೆ ಗಟ್ಟಿಯಾಗಿ ತೋರುತ್ತದೆ. ಆದರೆ ಹೀಗೆ ಕೂರಿಸಿದ ಕೊಳವೆ ಕೆಲವು ದಿನಗಳಲ್ಲೇ ಸಂದಿನಲ್ಲಿ ಒದ್ದೆಯಾಗುತ್ತದೆ. ನಟ್ಟನ್ನು ಇನ್ನಷ್ಟು ಬಿಗಿಯುತ್ತಾರೆ. ಒಂದು ವಾರ ಒಣಗಿದಂತೆ ಕಂಡು ಮತ್ತೆ ಒದ್ದೆಯಾಗುತ್ತದೆ. ಈ ಸೋರಿಕೆಗೆ ಬಲದ ಕೊರತೆ ಕಾರಣವಲ್ಲ, ಸಂದು ಎಲ್ಲಿ ಹಿಡಿಯುತ್ತದೆಂಬ ತಿಳಿವಿನ ಕೊರತೆ ಕಾರಣ ಎಂಬುದು ನಮ್ಮ ವಾದ. ಅದನ್ನು ಪರೀಕ್ಷಿಸಿ ಒಪ್ಪಿಸುವ ಹೊಣೆಯನ್ನು ಯಾರೂ ಹೊರದಿರುವುದು ಎರಡನೆಯ ಕಾರಣ.

ಸಾಹಿತ್ಯದ ಬಳಗವೊಂದು ಇದನ್ನೇಕೆ ಬರೆಯಬೇಕೆಂದು ಯಾರಾದರೂ ಕೇಳಬಹುದು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನೂ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ವನ್ನೂ ಬರೆದ ಭಾಷೆ ನಮ್ಮದು. ಯಂತ್ರದ ಸಂಗತಿ ಈ ಭಾಷೆಗೆ ಹೊರತಾದುದೇನಲ್ಲ. ಅದಕ್ಕಿಂತ ಹತ್ತಿರದ ಕಾರಣವೊಂದಿದೆ. ಪುಣೆಯ ಕನ್ನಡ ಮನೆಗಳ ಕಾರುಗಳು ವರ್ಷಕ್ಕೆರಡು ಬಾರಿಯಾದರೂ ಕಾತ್ರಜ್ ದಾಟಿ, ಖಂಬಾಟಕಿ ಘಾಟು ಹತ್ತಿ ಇಳಿದು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳ ಮೇಲೆ ಬೆಳಗಾವಿ, ಧಾರವಾಡಗಳಿಗೆ ಹೋಗುತ್ತವೆ. ಇನ್ನು ಕೆಲವು ಸೊಲ್ಲಾಪುರದ ದಾರಿ ಹಿಡಿದು ವಿಜಯಪುರ, ಕಲಬುರಗಿಗಳಿಗೆ ಹೋಗುತ್ತವೆ. ಬೇಸಗೆಯ ರಜೆ, ಗಣೇಶನ ಹಬ್ಬ, ದೀಪಾವಳಿಗಳಲ್ಲಿ ಆ ಕಾರುಗಳ ಹಿಂದಿನ ಸೀಟಿನಲ್ಲಿ ಮಕ್ಕಳೂ ಅಜ್ಜಅಜ್ಜಿಯರೂ ಕುಳಿತಿರುತ್ತಾರೆ. ಸೋರುವ ಸಂದೊಂದು ಅವರೊಡನೆ ಅಷ್ಟು ದೂರ ಪಯಣಿಸುವುದು ಬರಿಯ ಯಂತ್ರದ ಮಾತಾಗಿ ಉಳಿಯುವುದಿಲ್ಲ.

ಜನರು ಹಳೆಯ ಕೊಳವೆಯನ್ನು ಬದಲಾಯಿಸುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಇಲಿ, ಹೆಗ್ಗಣ. ಮಳೆಗಾಲದಲ್ಲಿ ಹೌಸಿಂಗ್ ಸೊಸೈಟಿಗಳ ತಳಮಹಡಿಯಲ್ಲಿ ನಿಂತ ಕಾರುಗಳ ಬೆಚ್ಚಗಿನ ಇಂಜಿನ್ನಿನ ಮೇಲೆ ಅವು ಬಿಡಾರ ಹೂಡಿ ರಬ್ಬರನ್ನೂ ವೈರನ್ನೂ ಕಡಿಯುತ್ತವೆ. ಉಕ್ಕಿನ ಹೆಣಿಗೆಯಾದರೆ ಹಲ್ಲು ನಾಟುವುದಿಲ್ಲವೆಂಬ ಲೆಕ್ಕ. ಎರಡನೆಯದು ಎಥನಾಲ್. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2018ರ ನೀತಿಯಲ್ಲಿ 2030ಕ್ಕೆಂದು ಇಟ್ಟಿದ್ದ ಗುರಿಯನ್ನು ದೇಶವು 2025ರಲ್ಲೇ ಮುಟ್ಟಿತು. ಎಥನಾಲ್ ನೀರನ್ನು ಸೆಳೆಯುತ್ತದೆ; ಹಳೆಯ ಬಗೆಯ ಕೆಲವು ರಬ್ಬರುಗಳನ್ನು ಉಬ್ಬಿಸಿ ಮೆದುವಾಗಿಸುತ್ತದೆ. ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರು ಓಡಿದ ಮೇಲೆ ರಬ್ಬರಿನ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾದೀತೆಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತು. ಮೂರನೆಯದು ಶೋಕಿ. ಇದನ್ನು ನಾವು ಹೀಗಳೆಯುವುದಿಲ್ಲ. ತನ್ನ ಗಾಡಿಯನ್ನು ಪ್ರೀತಿಸುವವನು ಅದನ್ನು ಸಿಂಗರಿಸುವುದು ಸಹಜ. ಆದರೆ ಮೂರೂ ಕಾರಣಗಳವರು ಕೊಳ್ಳುವಾಗ ನೋಡುವುದು ಹೊರಗಿನ ಹೆಣಿಗೆಯನ್ನು. ಪೆಟ್ರೋಲು ಮುಟ್ಟುವುದು ಒಳಗಿನ ಪದರವನ್ನು.

ಒಳಪದರದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕೃತಕ ರಬ್ಬರು, ಇನ್ನೊಂದು ಟೆಫ್ಲಾನ್. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಅಗ್ಗದ ಕೊಳವೆಯ ಒಳಗಿನ ರಬ್ಬರು ಕಿತ್ತುಹಾಕಿದ ಹಳೆಯ ಕೊಳವೆಯ ರಬ್ಬರಿಗಿಂತ ಕೀಳಾಗಿರಬಹುದು. ಆಗ ಎಥನಾಲಿಗೆ ಹೆದರಿ ಮಾಡಿದ ಖರ್ಚು ಎಥನಾಲಿಗೇ ಬಲಿಯಾಗುತ್ತದೆ. ಹೆಣಿಗೆಯ ಅಡಿಯಲ್ಲಿ ರಬ್ಬರು ಬಿರಿದರೂ ಕಣ್ಣಿಗೆ ಕಾಣದು. ಬರಿಯ ರಬ್ಬರಿನ ಕೊಳವೆಯಾದರೆ ಬೆರಳಿನಿಂದ ಹಿಚುಕಿ ನೋಡಿ ಅದರ ಆಯಸ್ಸನ್ನು ಅಳೆಯಬಹುದಿತ್ತು. ಟೆಫ್ಲಾನ್ ಎಥನಾಲಿಗೆ ಜಗ್ಗುವುದಿಲ್ಲ, ನಿಜ. ಆದರೆ ಅದು ವಿದ್ಯುತ್ತನ್ನು ಹರಿಯಗೊಡದ ವಸ್ತು. ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಾಯಿ ವಿದ್ಯುತ್ತು ಒಳಗೋಡೆಯಲ್ಲಿ ಶೇಖರವಾಗಿ ಕಿಡಿಯಾಗಿ ಹಾರಿದರೆ ಸೂಜಿಮೊನೆಯಷ್ಟು ರಂಧ್ರ ಬೀಳಬಹುದು. ಆದುದರಿಂದ ಇಂಧನಕ್ಕೆ ಬಳಸುವ ಟೆಫ್ಲಾನ್ ಕೊಳವೆಯ ಒಳಮೈಗೆ ಇಂಗಾಲ ಬೆರೆತಿರಬೇಕು. ಅಂಥದು ಬಿಳಿಯಾಗಿರದೆ ಕಪ್ಪಾಗಿರುತ್ತದೆ. ಅಂಗಡಿಯಲ್ಲಿ ಕೊಳವೆಯ ತುದಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡುವುದೇ ಮೊದಲ ಪರೀಕ್ಷೆ.

ಇನ್ನು ಸಂದಿನ ಮಾತು. ಈ ಫಿಟ್ಟಿಂಗುಗಳ ಹೆಸರು ಎಎನ್. ಅಮೆರಿಕದ ಭೂಸೇನೆ, ನೌಕಾಸೇನೆಗಳು ವಿಮಾನಗಳಿಗಾಗಿ ಗೊತ್ತುಪಡಿಸಿಕೊಂಡ ಮಾನಕದಿಂದ ಬಂದ ಹೆಸರು. ಅದರ ರಚನೆ ಸರಳ. ಗಂಡು ತುದಿಯಲ್ಲಿ 37 ಡಿಗ್ರಿಯ ಶಂಕು. ಹೆಣ್ಣು ತುದಿಯೊಳಗೆ ಅದೇ ಕೋನದ ತಗ್ಗು. ನಟ್ಟಿನ ಕೆಲಸ ಇವೆರಡನ್ನೂ ಒಂದಕ್ಕೊಂದು ಒತ್ತಿ ಹಿಡಿಯುವುದಷ್ಟೆ. ಪೆಟ್ರೋಲನ್ನು ತಡೆಯುವುದು ಲೋಹದ ಎರಡು ನುಣುಪು ಮೈಗಳ ಸ್ಪರ್ಶ. ಥ್ರೆಡ್ಡಿನ ಪಾಲು ಅದರಲ್ಲಿ ಏನೂ ಇಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದವರಿಗೆ ಇದು ಹೊಸತಲ್ಲ. ಬಾವಿಯ ದಂಡೆಯ ಡೀಸೆಲ್ ಪಂಪ್‌ಸೆಟ್ಟಿನಲ್ಲಿ ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಸಣ್ಣ ಉಕ್ಕಿನ ಪೈಪನ್ನು ನೆನೆಯಿರಿ. ಅದರ ಉಬ್ಬಿದ ತುದಿ ಶಂಕುವಿನಾಕಾರದ ತಗ್ಗಿನಲ್ಲಿ ಕೂರುತ್ತದೆ; ನಟ್ಟು ಅದನ್ನು ಒತ್ತುತ್ತದೆ. ಅಲ್ಲಿ ಯಾರೂ ದಾರ ಸುತ್ತಲಿಲ್ಲ, ಟೇಪು ಸುತ್ತಲಿಲ್ಲ. ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ತೊಡಗಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಸಂಸ್ಥೆಯೇ 1946ರಲ್ಲಿ ಪುಣೆಯ ಖಡಕಿಯಲ್ಲಿ ಡೀಸೆಲ್ ಇಂಜಿನ್ನುಗಳ ತಯಾರಿಕೆಗೆ ಕೈಹಾಕಿತು. ಅಂಥ ಇಂಜಿನ್ನುಗಳನ್ನು ಹೊಲದಲ್ಲಿ ನಡೆಸಿದ ಹಿರಿಯರು ಬಲ್ಲ ಸಂಗತಿಯನ್ನು ನಗರದ ಗ್ಯಾರೇಜು ಮರೆತಿರುವುದು ವಿಪರ್ಯಾಸ.

ಮರೆವಿನ ದೊಡ್ಡ ಗುರುತು ಬಿಳಿಯ ಟೆಫ್ಲಾನ್ ಟೇಪು. ನಲ್ಲಿಯ ಕೆಲಸದವರಿಂದ ಕಲಿತ ಈ ಅಭ್ಯಾಸ ನೀರಿನ ಪೈಪಿನಲ್ಲಿ ಸರಿ. ಅಲ್ಲಿ ಹಿಡಿತವಿರುವುದು ಥ್ರೆಡ್ಡಿನಲ್ಲೇ. ಎಎನ್ ಸಂದಿನಲ್ಲಿ ಸುತ್ತಿದ ಟೇಪು ಸೋರಿಕೆಯನ್ನು ನಿಲ್ಲಿಸಲಾರದು. ಶಂಕು ಪೂರ್ತಿ ಕೂರದಂತೆ ತಡೆಯಬಹುದು. ಹರಿದ ಚೂರುಗಳು ಕೊಳವೆಯೊಳಗೆ ಸರಿದು ಇಂಜೆಕ್ಟರಿನ ಬಾಯಿ ಕಟ್ಟಬಹುದು. ಪುಣೆಯ ಮೆಕ್ಯಾನಿಕ್ಕರು ಥ್ರೆಡ್ಡಿಗೆ 'ಆಟೆ' ಎನ್ನುತ್ತಾರೆ, ಸ್ಪ್ಯಾನರಿಗೆ 'ಪಾನಾ' ಎನ್ನುತ್ತಾರೆ. ಈ ಎರಡು ಪದಗಳನ್ನು ಬಲ್ಲ ನಾವು ಮೂರನೆಯದೊಂದನ್ನೂ ಕೇಳಲು ಕಲಿಯಬೇಕು: ಸೀಟು ಹೇಗಿದೆ?

ಸೋರುವ ಸಂದನ್ನು ಸರಿಪಡಿಸುವ ಮುನ್ನ ಅದು ನಿಜಕ್ಕೂ ಎಲ್ಲಿ ಸೋರುತ್ತಿದೆಯೆಂದು ಕಾಣಬೇಕು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಇಂಜಿನ್ ಆರಲು ಬಿಡಬೇಕು. ಪಂಪಿನ ಫ್ಯೂಸನ್ನು ತೆಗೆದು, ಇಂಜಿನ್ನನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡವನ್ನು ಇಳಿಸಬೇಕು. ಬಳಿಕ ಬ್ಯಾಟರಿಯ ಋಣ ತುದಿಯನ್ನು ಬಿಡಿಸಬೇಕು. ಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿರಬೇಕು. ಪೆಟ್ರೋಲು ಬೇಗನೆ ಆವಿಯಾಗುವುದರಿಂದ ಹನಿ ಕಾಣದಿರಬಹುದು. ಧೂಳು ತೊಳೆದುಹೋದ ಸಣ್ಣ ಜಾಡನ್ನು ಹಿಂಬಾಲಿಸಿ ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ. ಆ ಮೂಲ ಮೂರು ಎಡೆಗಳಲ್ಲಿ ಒಂದಾಗಿರುತ್ತದೆ. ಮೂರಕ್ಕೂ ಮದ್ದು ಬೇರೆ.

ಶಂಕುವಿನಲ್ಲಿ ಸೋರುತ್ತಿದ್ದರೆ ನಟ್ಟನ್ನು ಬಿಗಿಯುವ ಬದಲು ಬಿಚ್ಚಬೇಕು. ಎರಡೂ ಮೈಗಳನ್ನು ಒರೆಸಿ, ಗೀರು, ಕಸ, ನಸುಗ್ಗಿದ ಗುರುತು ಇದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಅಲ್ಯೂಮಿನಿಯಂ ಮೆತ್ತನೆಯ ಲೋಹ; ಒಮ್ಮೆ ಅತಿಯಾಗಿ ಬಿಗಿದರೆ ಶಂಕು ಜಜ್ಜಿಹೋಗುತ್ತದೆ, ಆಮೇಲೆ ಎಷ್ಟು ಬಿಗಿದರೂ ಅಷ್ಟಷ್ಟೂ ಸೋರುತ್ತದೆ. ಮೈ ಚೆನ್ನಾಗಿದ್ದರೆ ಥ್ರೆಡ್ಡಿಗೆ ಒಂದು ತೊಟ್ಟು ಎಣ್ಣೆ ಸವರಿ, ಕೈಯಿಂದ ಪೂರ್ತಿ ತಿರುಗಿಸಿ, ಕೊನೆಯ ಬಿಗಿತವನ್ನು ಎರಡು ಸ್ಪ್ಯಾನರುಗಳಿಂದ, ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಿ ಕೊಡಬೇಕು. ಗೀರಿದ್ದರೆ ಫಿಟ್ಟಿಂಗನ್ನೇ ಬದಲಿಸಬೇಕು. ಕೋನ ಹೊಂದದಿದ್ದರೂ ಇದೇ ಗತಿ. ಕಾರುಗಳ ಹಿತ್ತಾಳೆ ಫಿಟ್ಟಿಂಗುಗಳಲ್ಲಿ 45 ಡಿಗ್ರಿಯ ಶಂಕುವೂ ಉಂಟು. ಅದನ್ನು 37 ಡಿಗ್ರಿಯ ತಗ್ಗಿಗೆ ಕೂರಿಸಿದರೆ ಎರಡೂ ಒಂದು ಗೆರೆಯಲ್ಲಷ್ಟೇ ತಾಗುತ್ತವೆ, ಮೈತುಂಬ ತಾಗುವುದಿಲ್ಲ.

ಇಂಜಿನ್ನಿಗೋ ಪಂಪಿಗೋ ಸೇರುವ ಅಡಾಪ್ಟರಿನಲ್ಲಿ ಸೋರುತ್ತಿದ್ದರೆ ಥ್ರೆಡ್ಡಿನ ಜಾತಿಯನ್ನು ವಿಚಾರಿಸಬೇಕು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬ್ರಿಟಿಷ್ ಪದ್ಧತಿಯ ಪೈಪ್ ಥ್ರೆಡ್ಡು ರೂಢಿ. ಅದರ ಹಲ್ಲಿನ ಕೋನ 55 ಡಿಗ್ರಿ. ಎಎನ್ ಅಡಾಪ್ಟರುಗಳ ಇನ್ನೊಂದು ತುದಿಯಲ್ಲಿ ಬಹಳವಾಗಿ ಕಾಣುವುದು ಅಮೆರಿಕದ ಪದ್ಧತಿಯದು. ಅದರ ಕೋನ 60 ಡಿಗ್ರಿ. ಕಾಲಂಗುಲದ ಅಳತೆಯಲ್ಲಿ ಮೊದಲನೆಯದಕ್ಕೆ ಅಂಗುಲಕ್ಕೆ 19 ಸುತ್ತು, ಎರಡನೆಯದಕ್ಕೆ 18. ಒಂದು ಇನ್ನೊಂದರೊಳಗೆ ಎರಡು ಮೂರು ಸುತ್ತು ಸರಾಗವಾಗಿ ಹೋಗಿ ಬಿಗಿಯಾಗುತ್ತದೆ. ಅದು ಸರಿಯಾಗಿ ಕೂತಿತೆಂದು ಕೈ ಮೋಸಹೋಗುತ್ತದೆ. ಮೊಂಡಾದ ಈ ಜೋಡಿಯನ್ನು ಯಾವ ಅಂಟೂ ಉಳಿಸಲಾರದು. ಜಾತಿ ಹೊಂದಿದ ಮೊನಚು ಪೈಪ್ ಥ್ರೆಡ್ಡಿಗಾದರೆ ಪೆಟ್ರೋಲಿಗೆ ಕರಗದ ಸೀಲಂಟು ಬೇಕೇ ಬೇಕು. ಓ-ರಿಂಗಿನ ಸಂದಿಗೆ ಇಂಧನ ತಾಳುವ ವೈಟಾನ್ ರಿಂಗು ಬೇಕು. ಒಂದೇ ಅಡಾಪ್ಟರಿನ ಒಂದು ತುದಿಗೆ ಸೀಲಂಟು ಬೇಕು, ಇನ್ನೊಂದು ತುದಿಗೆ ಬೇಡ. ಈ ಭೇದವನ್ನು ಅರಿತವನು ಈ ಕೆಲಸದ ಅರ್ಧವನ್ನು ಅರಿತಂತೆ.

ಕೊಳವೆಯು ಫಿಟ್ಟಿಂಗಿನೊಳಗೆ ಸೇರುವಲ್ಲೇ ಸೋರುತ್ತಿದ್ದರೆ ತಪ್ಪು ಕತ್ತರಿಸಿದ ಗಳಿಗೆಯಲ್ಲೇ ಆಗಿರುತ್ತದೆ. ಟೇಪು ಬಿಗಿದು ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದಲೋ ತೆಳು ಚಕ್ರದಿಂದಲೋ ನೇರವಾಗಿ ಕೊಯ್ಯದಿದ್ದರೆ ಹೆಣಿಗೆ ಕೆದರುತ್ತದೆ. ಕೆದರಿದ ಒಂದೇ ಒಂದು ಉಕ್ಕಿನ ಎಳೆ ಸೀಲಿನ ಜಾಗದಲ್ಲಿ ಸಿಕ್ಕರೂ ಸಾಕು, ಅದರ ಬದಿಯಿಂದ ಪೆಟ್ರೋಲು ಜಿನುಗುತ್ತದೆ. ಟೆಫ್ಲಾನ್ ಕೊಳವೆಗೆ ಅದರದೇ ಆದ ಫಿಟ್ಟಿಂಗು ಬೇಕು. ಆಲಿವ್ ಎಂದು ಕರೆಯುವ ಪುಟ್ಟ ಲೋಹದ ಬಳೆ ಒಳಪದರಕ್ಕೂ ಹೆಣಿಗೆಗೂ ನಡುವೆ ಕೂರಬೇಕು. ರಬ್ಬರಿನ ಕೊಳವೆಯ ಫಿಟ್ಟಿಂಗನ್ನು ಟೆಫ್ಲಾನಿಗೆ ಹಾಕಿದರೆ ಅದು ಎಂದಿಗೂ ಹಿಡಿಯದು. ಜೋಡಿಸುವಾಗ ಸಾಕೆಟ್ಟಿನ ಅಂಚಿಗೆ ಸರಿಯಾಗಿ ಕೊಳವೆಯ ಮೇಲೆ ಒಂದು ಗೆರೆ ಎಳೆದಿಟ್ಟರೆ, ಬಿಗಿಯುವಾಗ ಕೊಳವೆ ಹಿಂದಕ್ಕೆ ಜಾರಿತೇ ಎಂಬುದು ತಿಳಿಯುತ್ತದೆ. ಜಾರಿದ್ದರೆ ಒಂದಂಗುಲ ಕತ್ತರಿಸಿ ಮೊದಲಿನಿಂದ ಮಾಡಬೇಕು. ಹೆಣಿಗೆಯ ಮೇಲೆ ಸ್ಕ್ರೂ ಕ್ಲಿಪ್ಪು ಬಿಗಿದು ಬಿಡುವವರೂ ಇದ್ದಾರೆ. ಉಕ್ಕಿನ ಹೆಣಿಗೆ ಆ ಒತ್ತಡವನ್ನು ತಾನೇ ಹೊತ್ತುಕೊಳ್ಳುತ್ತದೆ, ಒಳಗಿನ ರಬ್ಬರಿಗೆ ಸರಿಯಾಗಿ ತಲುಪಿಸುವುದಿಲ್ಲ. ಇದು ರಿಪೇರಿಯಲ್ಲ, ಮುಂದೂಡಿಕೆ.

ಹಾಕಿದ ಮೇಲೆ ಕೊಳವೆ ಸಾಗುವ ದಾರಿಯನ್ನೂ ನೋಡಬೇಕು. ಓಡುವ ಇಂಜಿನ್ ಅಲುಗುತ್ತದೆ. ಎಳೆದು ಬಿಗಿದ ಕೊಳವೆ ಅಲುಗಿದಾಗಲೆಲ್ಲ ಫಿಟ್ಟಿಂಗನ್ನು ಜಗ್ಗುತ್ತದೆ. ಇನ್ನು ಉಕ್ಕಿನ ಹೆಣಿಗೆ ಅರದಂತೆ ಕೆಲಸ ಮಾಡುತ್ತದೆ. ಪಕ್ಕದ ವೈರನ್ನೋ ಬ್ರೇಕಿನ ಪೈಪನ್ನೋ ಉಜ್ಜಿ ಉಜ್ಜಿ ಸವೆಸುತ್ತದೆ. ರಬ್ಬರ್ ಮೆತ್ತೆಯ ಕ್ಲ್ಯಾಂಪುಗಳಲ್ಲಿ ಹಿಡಿದಿಡದ ಹೆಣಿಗೆಯ ಕೊಳವೆ ತಾನು ಸೋರದಿದ್ದರೂ ನೆರೆಯವನನ್ನು ಸೋರಿಸೀತು.

ಇಷ್ಟೊಂದು ಕಟ್ಟುನಿಟ್ಟು ಏಕೆ? ಅಂಕಿಗಳೇ ಹೇಳುತ್ತವೆ. ಕಾರ್ಬ್ಯುರೇಟರಿನ ಹಳೆಯ ಕಾರುಗಳಲ್ಲಿ ಪೆಟ್ರೋಲಿನ ಒತ್ತಡ ಅರ್ಧ ಬಾರಿಗಿಂತ ಕಡಿಮೆ. ಎಂಪಿಎಫ್‌ಐ ಕಾರುಗಳಲ್ಲಿ ಅದು ಸಾಮಾನ್ಯವಾಗಿ 3ರಿಂದ 4 ಬಾರ್, ಅಂದರೆ ಟೈರಿನ ಗಾಳಿಗಿಂತ ಹೆಚ್ಚು. ಹಳೆಯ ಕಾರಿನಲ್ಲಿ ತೊಟ್ಟಿಕ್ಕುತ್ತಿದ್ದ ಬಿರುಕು ಇಲ್ಲಿ ತುಂತುರಾಗಿ ಚಿಮ್ಮುತ್ತದೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಕೊಡಬಲ್ಲುದು; ಗಾಳಿಯಲ್ಲಿ ಆ ಆವಿ ಶೇಕಡಾ ಒಂದೂವರೆಯಷ್ಟಿದ್ದರೂ ಕಿಡಿಗೆ ಕಾದಿರುತ್ತದೆ. ಅದು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ತಳಮಹಡಿಯ ಪಾರ್ಕಿಂಗಿನಲ್ಲಿ ಮೇಲೇಳದೆ ನೆಲದಲ್ಲೇ ಹಾಸಿಕೊಳ್ಳುತ್ತದೆ. ಒಬ್ಬರ ಕಾರಿನ ಸಂದು ಇಡೀ ಸೊಸೈಟಿಯ ಸಂಗತಿಯಾಗುವುದು ಹೀಗೆ. ನೇರವಾಗಿ ಸಿಲಿಂಡರಿಗೇ ಪೆಟ್ರೋಲು ಚಿಮ್ಮಿಸುವ ಹೊಸ ಇಂಜಿನ್ನುಗಳ ಅಧಿಕ ಒತ್ತಡದ ಭಾಗವನ್ನಂತೂ ಇಂಥ ಕೊಳವೆಯಿಂದ ಮುಟ್ಟಲೇಬಾರದು.

ಇಲ್ಲಿ ಹೊಣೆಯ ಪ್ರಶ್ನೆ ಬರುತ್ತದೆ. 2010ರ ಫೆಬ್ರುವರಿಯಲ್ಲಿ ಮಾರುತಿ ಸುಜುಕಿ ಸಂಸ್ಥೆ ಇಂಧನ ಪಂಪಿನ ಗ್ಯಾಸ್ಕೆಟ್ಟಿನ ದೋಷಕ್ಕಾಗಿ ಸುಮಾರು ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನು ಹಿಂದಕ್ಕೆ ಕರೆಯಿತು. 2014ರಲ್ಲಿ ಅದೇ ಸಂಸ್ಥೆ ಪೆಟ್ರೋಲು ತುಂಬುವ ಕೊಳವೆಯ ಕತ್ತಿಗಾಗಿ 1,03,311 ಕಾರುಗಳನ್ನು ಕರೆದು ನೋಡಿತು. ಇದನ್ನು ಸಂಸ್ಥೆಯ ಅಪಕೀರ್ತಿಯೆಂದು ನಾವು ಎಣಿಸುವುದಿಲ್ಲ. ಪ್ರತಿಯೊಂದು ಭಾಗಕ್ಕೂ ದಾಖಲೆಯಿದ್ದುದರಿಂದಲೇ ದೋಷ ಕಂಡಾಗ ಆಯಾ ಕಾರಿನವರನ್ನು ಹುಡುಕಿ ಕರೆಯುವುದು ಸಾಧ್ಯವಾಯಿತು. ನಾನಾ ಪೇಠದ ಬಿಡಿಭಾಗಗಳ ಬೀದಿಯಲ್ಲೋ ಮೊಬೈಲಿನ ಮಾರುಕಟ್ಟೆಯಲ್ಲೋ ಕೊಂಡ ಹೆಸರಿಲ್ಲದ ಫಿಟ್ಟಿಂಗಿಗೆ ಅಂಥ ಕರೆ ಬಾರದು. ಅದರ ದೋಷ ಪ್ರಕಟವಾಗುವುದು ನಮ್ಮ ಕಾರಿನಲ್ಲೇ.

ನಮ್ಮ ಮನೆಗಳಲ್ಲೇ ಬೇರೆ ನಡವಳಿಕೆ ಇದೆ. ಅಡುಗೆಮನೆಯ ಗ್ಯಾಸಿನ ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಯ ಮೇಲೆ ಅಚ್ಚಾದ ದಿನಾಂಕವನ್ನು ನೋಡಿ ಐದು ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಸಿಎನ್‌ಜಿ ಕಾರಿನ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆಗೆ ಒಡ್ಡಲೇಬೇಕು. ಪೆಟ್ರೋಲಿನ ಬದಲಿ ಕೊಳವೆಗೆ ದಿನಾಂಕವನ್ನು ಕೇಳುವವರಿಲ್ಲ, ಪರೀಕ್ಷೆಯ ಚೀಟಿಯನ್ನು ಕೇಳುವವರಿಲ್ಲ. ದೇಶದ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ 1966ರಿಂದ ಇದೇ ಪುಣೆಯಲ್ಲಿದೆ. ಅದರ ಪ್ರಯೋಗಾಲಯ ನಿಂತಿರುವ ವೇತಾಳ ಗುಡ್ಡದ ಬುಡದ ಗ್ಯಾರೇಜಿಗೂ ಒಂದು ಬಕೆಟ್ ನೀರಿನ ಪರೀಕ್ಷೆ ಅಪರಿಚಿತವಾಗಿರುವುದು ನಮಗೆ ಸರಿಕಾಣದು.

ಆ ಪರೀಕ್ಷೆ ಅಗ್ಗದ್ದು. ಪೆಟ್ರೋಲು ಸೋಂಕದ ಹೊಸ ಕೊಳವೆಯನ್ನು ಜೋಡಿಸಿ, ಒಂದು ತುದಿ ಮುಚ್ಚಿ, ಇನ್ನೊಂದರಿಂದ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಕೆಲವು ನಿಮಿಷ ಗುಳ್ಳೆ ಕಾಯುವುದು. ಒಮ್ಮೆ ಪೆಟ್ರೋಲು ಹರಿದ ಕೊಳವೆಗೆ ಗಾಳಿ ತುಂಬುವುದು ಅಪಾಯ. ಅದನ್ನು ಎಂದೂ ಮಾಡಬಾರದು. ಕಾರಿಗೆ ಕೂರಿಸಿದ ಮೇಲೆ ಕೀಲಿಯನ್ನಷ್ಟೇ ತಿರುಗಿಸಿ ಪಂಪು ಒತ್ತಡ ಕಟ್ಟಿದಾಗ ಒಮ್ಮೆ, ಇಂಜಿನ್ ಕಾದಾಗ ಒಮ್ಮೆ, ಮರುದಿನ ಮುಂಜಾನೆ ತಣ್ಣಗಿರುವಾಗ ಮತ್ತೊಮ್ಮೆ ಕಾಗದ ಒತ್ತಿ ನೋಡಬೇಕು. ಲೋಹವೂ ರಬ್ಬರೂ ಕಾದಾಗ ಹಿಗ್ಗಿ ತಣಿದಾಗ ಕುಗ್ಗುತ್ತವೆ. ಸಂಜೆ ಒಣಗಿದ್ದ ಸಂದು ಬೆಳಗ್ಗೆ ಒದ್ದೆಯಾಗಿರಬಹುದು.

ಮೆಕ್ಯಾನಿಕ್ಕರನ್ನೇ ದೂರುವುದು ನ್ಯಾಯವಲ್ಲ. ಗಾಡಿ ಸಂಜೆಗೇ ಬೇಕೆನ್ನುವವರು ನಾವು. ಸಾವಿರಾರು ರೂಪಾಯಿಯ ಬಣ್ಣದ ಫಿಟ್ಟಿಂಗು ಕೊಂಡು, ಅದನ್ನು ಕೂರಿಸುವ ಕೈಗೆ ಇನ್ನೂರು ರೂಪಾಯಿ ಕೊಡಲು ಚೌಕಾಸಿ ಮಾಡುವವರೂ ನಾವೇ. 2014ರಲ್ಲೇ ತಯಾರಿಕೆ ನಿಂತ ಮಾರುತಿ 800ರಂಥ ಕಾರುಗಳಿಗೆ ಮೂಲ ಭಾಗಗಳು ಸಿಗುವುದು ಕಷ್ಟವಾದಾಗ ಸಿಕ್ಕಿದ್ದರಲ್ಲಿ ಹೊಂದಿಸುವ ಜಾಣ್ಮೆ ಅವರಲ್ಲಿರುವುದರಿಂದಲೇ ಎಷ್ಟೋ ಗಾಡಿಗಳು ಇನ್ನೂ ಓಡುತ್ತಿವೆ. ಆ ಜಾಣ್ಮೆಗೆ ಮೂರು ಗಂಟೆಯ ಸಮಯವನ್ನೂ ತಕ್ಕ ಕೂಲಿಯನ್ನೂ ಕೊಟ್ಟರೆ ಅದು ಸರಿಯಾದ ಸೀಟನ್ನೇ ಹುಡುಕುತ್ತದೆ. ಕೊಡದಿದ್ದರೆ ಟೇಪನ್ನು ಹುಡುಕುತ್ತದೆ.

ಬಹುಪಾಲು ಮನೆಬಳಕೆಯ ಕಾರುಗಳಿಗೆ ಹೆಣಿಗೆಯ ಕೊಳವೆ ಬೇಕಾಗಿಯೇ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಳೆಯ ರಬ್ಬರು ದಣಿದಿದ್ದರೆ ಕಂಪನಿಯ ಮೂಲ ಭಾಗ ಹಾಕಿಸಿ. ಅದು ಸಿಗದಿದ್ದರೆ ಇಂಜೆಕ್ಷನ್ನಿನ ಒತ್ತಡಕ್ಕೆಂದೇ ಮಾಡಿದ, ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಕೊಳವೆಯನ್ನು ಅದಕ್ಕೊಪ್ಪುವ ಕ್ಲ್ಯಾಂಪಿನೊಡನೆ ಹಾಕಿಸಿ. ಇಲಿಯ ಕಾಟಕ್ಕೆ ಬೋನು, ಜಾಲರಿ ಮತ್ತು ಪಾರ್ಕಿಂಗಿನ ಕಸ ತೆಗೆಯುವ ಸೊಸೈಟಿಯ ತೀರ್ಮಾನ ಇವು ಹೆಣಿಗೆಗಿಂತ ಅಗ್ಗ. ಹೆಣಿಗೆಯದೇ ಬೇಕೆಂದರೆ ಮೂರು ಪ್ರಶ್ನೆ ಕೇಳಿ: ಒಳಪದರ ಯಾವುದು, ಫಿಟ್ಟಿಂಗು ಅದಕ್ಕೆ ಹೊಂದುವುದೇ, ಕೂರಿಸುವ ಮುನ್ನ ನೀರಿನಲ್ಲಿ ಮುಳುಗಿಸಿ ನೋಡಿದಿರಾ. ಮೂರನೆಯದಕ್ಕೆ ಉತ್ತರವಿಲ್ಲದ ಗ್ಯಾರೇಜಿನಿಂದ ಗಾಡಿಯನ್ನು ಹೊರಗೆ ತರಬೇಡಿ. ಈಗಾಗಲೇ ಹಾಕಿಸಿಕೊಂಡವರು ಮುಂದಿನ ಊರಪಯಣಕ್ಕೆ ಒಂದು ವಾರ ಮೊದಲು, ಹೊರಡುವ ದಿನದ ಗಡಿಬಿಡಿಯಲ್ಲಲ್ಲ, ಬಾನೆಟ್ಟು ಎತ್ತಿ ಪ್ರತಿ ಸಂದಿಗೂ ಒಣ ಕಾಗದವೊಂದನ್ನು ಒತ್ತಿ ನೋಡಲಿ. ಕಾಗದ ಒದ್ದೆಯಾದರೆ ಬಿಗಿಯಬೇಡಿ, ಬಿಚ್ಚಿಸಿ.